ತಕರಜುಕ ರೆವ್ಯೂ

ತಕರಜುಕ ರೆವ್ಯೂ ಜಪಾನಿನ ಹ್ಯೋಗೊ ಪ್ರಾಂತದ ತಕರಜುಕ ನಗರದಲ್ಲಿ ನೆಲೆಯೂರಿರುವ ಸಂಗೀತ-ನೃತ್ಯ ನಾಟಕ ಸಂಸ್ಥೆ. ಗಂಡು ಹೆಣ್ಣು ಎರಡೂ ಪಾತ್ರಗಳನ್ನು ಇಲ್ಲಿ ಅವಿವಾಹಿತ ಸ್ತ್ರೀಯರೇ ವಹಿಸುತ್ತಾರೆ. 1913ರಲ್ಲಿ ಒಂದು ರೈಲು ಕಂಪನಿ ತನ್ನ ಕೊನೆಯ ನಿಲ್ದಾಣದ ಬಿಸಿನೀರಿನ ಸ್ನಾನಗೃಹಕ್ಕೆ ಜನರನ್ನು ಸೆಳೆಯಲು ಕಟ್ಟಿದ ಬಾಲಕಿಯರ ಗಾಯನತಂಡವೇ ಇದರ ಮೂಲ. ಮೊದಲ ಪ್ರದರ್ಶನ ನಡೆದದ್ದು 1914ರಲ್ಲಿ. ಇಂದು ಇದಕ್ಕೆ ಐದು ತಂಡಗಳು, ಎರಡು ದೊಡ್ಡ ರಂಗಮಂದಿರಗಳು, ಸ್ವಂತ ತರಬೇತಿ ಶಾಲೆ, ಪತ್ರಿಕೆಗಳು ಮತ್ತು ಒಂದು ದೂರದರ್ಶನ ವಾಹಿನಿ ಇವೆ. ಜಪಾನಿನ ಕಾಮಿಕ್ಸ್, ಅನಿಮೇಶನ್, ಚಲನಚಿತ್ರ ಮತ್ತು ದೂರದರ್ಶನಗಳ ಮೇಲೆ ಇದರ ಪ್ರಭಾವ ಗಾಢವಾದುದು.

ಹೆಸರು ಮತ್ತು ಪರಿಭಾಷೆ

ಸಂಸ್ಥೆಯ ಜಪಾನಿ ಹೆಸರು ‘ತಕರಜುಕ ಕಗೆಕಿದಾನ್’. ‘ಕ’ ಎಂದರೆ ಹಾಡು, ‘ಗೆಕಿ’ ಎಂದರೆ ನಾಟಕ, ‘ದಾನ್’ ಎಂದರೆ ತಂಡ. ‘ತಕರ’ ಎಂದರೆ ನಿಧಿ, ‘ಜುಕ’ ಎಂದರೆ ದಿಬ್ಬ. ‘ರೆವ್ಯೂ’ ಎಂಬುದು ಫ್ರೆಂಚ್ ಪದ. ಗಟ್ಟಿ ಕಥೆಯ ಹಂಗಿಲ್ಲದೆ ಹಾಡು, ಕುಣಿತ, ಬೆಡಗಿನ ಉಡುಪುಗಳ ದೃಶ್ಯಗಳನ್ನು ಒಂದರ ಬೆನ್ನಿಗೆ ಒಂದರಂತೆ ಪೋಣಿಸಿದ ಪ್ರದರ್ಶನವನ್ನು ಅದು ಸೂಚಿಸುತ್ತದೆ. ಸಂಸ್ಥೆ ಪೂರ್ಣಪ್ರಮಾಣದ ನಾಟಕಗಳನ್ನೂ ಆಡುವುದರಿಂದ ವಿದೇಶಗಳಲ್ಲಿ ರೂಢಿಗೆ ಬಂದ ‘ರೆವ್ಯೂ’ ಎಂಬ ಹೆಸರು ಅದರ ಅರ್ಧ ಚಟುವಟಿಕೆಯನ್ನು ಮಾತ್ರ ಹೇಳುತ್ತದೆ.

ಗಂಡು ಪಾತ್ರ ವಹಿಸುವ ನಟಿಗೆ ‘ಒತೊಕೊಯಾಕು’, ಹೆಣ್ಣು ಪಾತ್ರ ವಹಿಸುವವಳಿಗೆ ‘ಮುಸುಮೆಯಾಕು’ ಎನ್ನುತ್ತಾರೆ. ಈ ಲೇಖನದಲ್ಲಿ ಇವಕ್ಕೆ ಕ್ರಮವಾಗಿ ಪುರುಷವೇಷ, ಕನ್ಯಾವೇಷ ಎಂಬ ಪದಗಳನ್ನು ಬಳಸಲಾಗಿದೆ. ‘ಮುಸುಮೆ’ ಎಂದರೆ ಮಗಳು ಅಥವಾ ಎಳೆಯ ಹುಡುಗಿ. ಪ್ರೌಢ ಹೆಂಗಸು ಎಂಬ ಅರ್ಥ ಅದಕ್ಕಿಲ್ಲ. ಎರಡು ವೇಷಗಳೂ ಕಲಿತು ಸಾಧಿಸಬೇಕಾದ ಶೈಲಿಗಳೇ ಎಂಬುದು ಇಲ್ಲಿನ ತಿಳಿವಳಿಕೆ. ಹೆಣ್ಣೇ ಹೆಣ್ಣಿನ ಪಾತ್ರ ಮಾಡಿದಾಗಲೂ ಅದು ವೇಷವೇ. ನಟಿಯರೆಲ್ಲರನ್ನೂ, ಇಪ್ಪತ್ತು ವರ್ಷ ರಂಗದ ಮೇಲಿದ್ದವರನ್ನು ಸಹ, ‘ಸೆಯಿತೊ’ ಎಂದರೆ ವಿದ್ಯಾರ್ಥಿನಿ ಎಂದೇ ಕರೆಯುತ್ತಾರೆ. ‘ತಕರಜೆನ್ನು’ ಎಂಬುದು ಅವರಿಗಿರುವ ಇನ್ನೊಂದು ಹೆಸರು. ಪ್ಯಾರಿಸ್ಸಿನ ಹೆಣ್ಣನ್ನು ಸೂಚಿಸುವ ಫ್ರೆಂಚ್ ಪದದ ಅಚ್ಚಿನಲ್ಲಿ ಅದನ್ನು ರೂಪಿಸಲಾಗಿದೆ.

ಉಗಮ

ಸಂಸ್ಥಾಪಕ ಕೊಬಯಾಶಿ ಇಚಿಜೊ (1873–1957) ರಂಗಭೂಮಿಯವನಲ್ಲ, ಉದ್ಯಮಿ. ಆತ ಕಟ್ಟಿದ ಮಿನೊಒ ಅರಿಮ ವಿದ್ಯುತ್ ರೈಲು ಕಂಪನಿ 1910ರ ಮಾರ್ಚ್‌ನಲ್ಲಿ ಒಸಾಕದ ಉಮೆದ ನಿಲ್ದಾಣದಿಂದ ತಕರಜುಕದವರೆಗೆ ಸಂಚಾರ ಆರಂಭಿಸಿತು. ಮುಂದೆ ಹಾನ್‌ಕ್ಯೂ ರೈಲ್ವೆ ಎಂದು ಹೆಸರಾದುದು ಇದೇ. ಮಾರ್ಗ ಹಾದುಹೋಗುತ್ತಿದ್ದುದು ಬಹುಪಾಲು ಹೊಲಗದ್ದೆಗಳ ನಡುವೆ. ಪ್ರಯಾಣಿಕರೇ ಇಲ್ಲದಿದ್ದರೆ ಅವರನ್ನು ಹುಟ್ಟಿಸಬೇಕು ಎಂಬುದು ಕೊಬಯಾಶಿಯ ಲೆಕ್ಕಾಚಾರ. ಹಳಿಯ ಪಕ್ಕದ ಜಮೀನಿನಲ್ಲಿ ಮನೆ ಕಟ್ಟಿಸಿ ಕಂತಿನ ಮೇಲೆ ಮಾರಿದ. ಹಳಿಯ ಒಂದು ತುದಿಯಾದ ಉಮೆದದಲ್ಲಿ 1929ರಲ್ಲಿ ಬಹುಮಹಡಿ ಅಂಗಡಿ ತೆರೆದ. ಇನ್ನೊಂದು ತುದಿಯಲ್ಲಿ ಮನರಂಜನೆಯನ್ನಿಟ್ಟ.

ಆ ಇನ್ನೊಂದು ತುದಿಯೇ ಮುಕೊ ನದಿ ದಂಡೆಯ ಬಿಸಿನೀರಿನ ಬುಗ್ಗೆಗಳ ಊರು ತಕರಜುಕ. 1911ರಲ್ಲಿ ಅಲ್ಲಿ ‘ಹೊಸ ಸ್ನಾನಗೃಹ’ವೂ ಮರುವರ್ಷ ‘ಪ್ಯಾರಡೈಸ್’ ಎಂಬ ಪಾಶ್ಚಾತ್ಯ ಮಾದರಿಯ ಕಟ್ಟಡದೊಳಗೆ ಈಜುಕೊಳವೂ ತೆರೆದವು. ಕೊಳ ಸೋತಿತು. ಬಿಸಿಲು ತಾಗದ ಒಳಾಂಗಣದಲ್ಲಿ ನೀರು ಕೊರೆಯುತ್ತಿತ್ತು. ಗಂಡಸರೂ ಹೆಂಗಸರೂ ಒಟ್ಟಿಗೆ ಈಜಲು ಅನುಮತಿಯೂ ಇರಲಿಲ್ಲ. ಕೊಬಯಾಶಿ ಕೊಳಕ್ಕೆ ಹಲಗೆ ಹೊದಿಸಿ ಪ್ರೇಕ್ಷಕರ ಜಾಗ ಮಾಡಿದ. ಬಟ್ಟೆ ಬದಲಿಸುವ ಕಡೆ ರಂಗವೇರ್ಪಟ್ಟಿತು.

ಆಗ ತೋಕಿಯೊದ ಮಿತ್ಸುಕೋಶಿ ಅಂಗಡಿಯ ಬಾಲಕರ ವಾದ್ಯವೃಂದ ಜನಪ್ರಿಯವಾಗಿತ್ತು. ಅದನ್ನು ನೋಡಿ ಕೊಬಯಾಶಿ 1913ರ ಜುಲೈನಲ್ಲಿ ಹದಿನಾರು ಬಾಲಕಿಯರ ಗಾಯನತಂಡ ಕಟ್ಟಿದ. 1914ರ ಏಪ್ರಿಲ್ 1ರಂದು ಮೊದಲ ಪ್ರದರ್ಶನ ನಡೆಯಿತು. ಮೊಮೊತಾರೊ ಎಂಬ ಜನಪದ ಕಥಾನಾಯಕನ ಕುರಿತ ‘ದೊಂಬುರಕೊ’ ಗೀತನಾಟಕ, ‘ಉಕಾರೆ ದಾರುಮ’ ಎಂಬ ಹಾಸ್ಯ ಮತ್ತು ಒಂದು ಚಿಟ್ಟೆ ನೃತ್ಯ ಅಂದಿನ ಕಾರ್ಯಕ್ರಮ. ಸ್ನಾನದ ಟಿಕೀಟು ಪಡೆದವರಿಗೆ ಆಟ ಉಚಿತ. ಬಾಲಕಿಯರ ರಂಗನಾಮಗಳನ್ನು ‘ಹ್ಯಾಕುನಿನ್ ಇಶ್ಶು’ ಎಂಬ ಪ್ರಾಚೀನ ನೂರು ಕವಿಗಳ ಸಂಕಲನದ ಪದ್ಯಗಳಿಂದ ಆಯಲಾಗಿತ್ತು.

ಸ್ತ್ರೀಯರೇ ಗಂಡು ಪಾತ್ರ ವಹಿಸುವುದಕ್ಕೆ ಜಪಾನಿನಲ್ಲಿ ಒಂದು ವಿಲೋಮ ಹಿನ್ನೆಲೆಯಿದೆ. 1629ರಲ್ಲಿ ತೊಕುಗಾವ ಆಡಳಿತ ಸ್ತ್ರೀಯರನ್ನು ರಂಗದಿಂದ ನಿಷೇಧಿಸಿದ ಮೇಲೆ ಕಾಬುಕಿ ಎಂಬ ಸಾಂಪ್ರದಾಯಿಕ ನಾಟಕಪ್ರಕಾರದಲ್ಲಿ ಗಂಡಸರೇ ಸ್ತ್ರೀವೇಷ ಕಟ್ಟುತ್ತ ಬಂದು, ಅದು ‘ಒನ್ನಗಾತ’ ಎಂಬ ಪ್ರೌಢ ಕಲೆಯಾಗಿ ಬೆಳೆಯಿತು. ಒಂದೇ ಲಿಂಗದವರು ಗಂಡು ಹೆಣ್ಣು ಎರಡೂ ಪಾತ್ರಗಳನ್ನು ಆಡುವುದು ಜಪಾನಿ ಪ್ರೇಕ್ಷಕರಿಗೆ ಹೊಸದಾಗಿರಲಿಲ್ಲ. ಯಕ್ಷಗಾನದ ಸ್ತ್ರೀವೇಷವನ್ನೂ ಕಂಪನಿ ನಾಟಕಗಳಲ್ಲಿ ಹೆಣ್ಣಾಗಿ ಮೆರೆದ ನಟರನ್ನೂ ಬಲ್ಲ ಕನ್ನಡಿಗರಿಗೂ ಅದು ಹೊಸದೆನಿಸಬೇಕಿಲ್ಲ. ತಕರಜುಕ ಆ ಪದ್ಧತಿಯನ್ನು ತಿರುವುಮುರುವಾಗಿಸಿತು.

ರೆವ್ಯೂ ಯುಗ

1918ರಲ್ಲಿ ತಂಡ ತೋಕಿಯೊದ ಇಂಪೀರಿಯಲ್ ರಂಗಮಂದಿರದಲ್ಲಿ ಆಡಿತು. 1919ರಲ್ಲಿ ತರಬೇತಿ ಶಾಲೆ ಔಪಚಾರಿಕವಾಗಿ ಸ್ಥಾಪನೆಯಾಯಿತು. 1921ರಲ್ಲಿ ಕಲಾವಿದೆಯರನ್ನು ಪುಷ್ಪ ಮತ್ತು ಚಂದ್ರ ಎಂಬ ಎರಡು ತಂಡಗಳಾಗಿ ವಿಂಗಡಿಸಲಾಯಿತು. 1924ರಲ್ಲಿ ಸುಮಾರು 4,000 ಮಂದಿ ಹಿಡಿಸುವ ತಕರಜುಕ ಮಹಾರಂಗಮಂದಿರ ತೆರೆಯಿತು. ಅದೇ ವರ್ಷ ಹಿಮ ತಂಡವೂ ಸೇರಿಕೊಂಡಿತು. ಇಷ್ಟು ದೊಡ್ಡ ಮಂದಿರ ಪ್ರತಿಷ್ಠೆಗಾಗಿ ಎದ್ದದ್ದಲ್ಲ. ಹೆಚ್ಚು ಆಸನಗಳಿದ್ದರೆ ಟಿಕೀಟು ಅಗ್ಗವಾಗಿ, ಸಾಮಾನ್ಯ ಕುಟುಂಬಗಳು ಮಕ್ಕಳುಮರಿ ಸಮೇತ ಬರಬಹುದು ಎಂಬುದು ಕೊಬಯಾಶಿಯ ‘ರಾಷ್ಟ್ರೀಯ ನಾಟಕ’ ಕಲ್ಪನೆಯ ತಿರುಳು. ಹಾಗೆ ಬರುವವರು ರೈಲಿನ ಟಿಕೀಟನ್ನೂ ಕೊಳ್ಳುತ್ತಿದ್ದರು.

ಆದರೆ ಜಪಾನಿ ಜನಪದ ಕಥೆಗಳ ಮುಗ್ಧ ಬಾಲಗೀತನಾಟಕ ಅಷ್ಟು ದೊಡ್ಡ ರಂಗವನ್ನು ತುಂಬಲಾರದಾಯಿತು. ಯೂರೋಪು ಪ್ರವಾಸ ಮುಗಿಸಿ ಬಂದ ನಿರ್ದೇಶಕ ಕಿಶಿದ ತತ್ಸುಯ 1927ರ ಸೆಪ್ಟೆಂಬರ್‌ನಲ್ಲಿ ರಂಗಕ್ಕೆ ತಂದ ‘ಮೊನ್ ಪಾರಿ’ ಇದಕ್ಕೆ ಉತ್ತರವಾಯಿತು. ಜಪಾನಿನ ಮೊದಲ ರೆವ್ಯೂ ಎಂದು ಪರಿಗಣಿತವಾಗಿರುವ ಈ ಕೃತಿಯ ಎಳೆ ಜಪಾನಿನಿಂದ ಪ್ಯಾರಿಸ್‌ವರೆಗಿನ ಒಂದು ಪ್ರವಾಸ. ಸಾಲುನೃತ್ಯ ಹಾಗೂ ಹದಿನಾರು ಮೆಟ್ಟಿಲುಗಳ ಇಳಿಜಾರು ಈ ಕೃತಿಯಿಂದ ರಂಗಕ್ಕೆ ಬಂದವು.

1930ರಲ್ಲಿ ಶಿರಾಯಿ ತೆತ್ಸುಜೊ ನಿರ್ದೇಶಿಸಿದ ‘ಪಾರಿಸೆಟ್’ ತಕರಜುಕ ಶೈಲಿಗೆ ಅಂತಿಮ ಆಕಾರ ಕೊಟ್ಟಿತು. ಅದುವರೆಗಿನ ಬಿಳಿ ಹಿಟ್ಟಿನ ಬಣ್ಣಗಾರಿಕೆ ಹೋಗಿ ಚರ್ಮವರ್ಣದ ಆಧುನಿಕ ಬಣ್ಣಗಾರಿಕೆ ಬಂತು. ಟ್ಯಾಪ್ ನೃತ್ಯವೂ ಗರಿಗಳ ಅಲಂಕಾರವೂ ಬಂದವು. ಇದರಲ್ಲಿನ ನೇರಳೆ ಹೂವಿನ ಹಾಡು ಸಂಸ್ಥೆಯ ಗುರುತಿನ ಹಾಡಾಗಿ ಉಳಿಯಿತು. ಹಾಡಿನ ಧಾಟಿ ಜಪಾನಿನದಲ್ಲ. 1928ರ ಒಂದು ಜರ್ಮನ್ ಗೀತೆ ಫ್ರಾನ್ಸಿಗೆ ಹೋಗಿ, ಅಲ್ಲಿಂದ ಶಿರಾಯಿಯ ಕೈಯಲ್ಲಿ ತಕರಜುಕಕ್ಕೆ ಬಂದಿತ್ತು. ದಾರಿಯಲ್ಲಿ ಲೈಲಾಕ್ ಹೂವು ನೇರಳೆ ಹೂವಾಯಿತು.

ಪುರುಷವೇಷದ ನಟಿಯರು ಆಗಿನ್ನೂ ಉದ್ದಗೂದಲನ್ನು ಟೋಪಿಯೊಳಗೆ ಅಡಗಿಸಿಕೊಳ್ಳುತ್ತಿದ್ದರು. 1932ರಲ್ಲಿ ಕದೊತ ಅಶಿಕೊ ಎಂಬ ನಟಿ ಕೂದಲನ್ನು ಗಂಡಸರಂತೆ ಗಿಡ್ಡವಾಗಿ ಕತ್ತರಿಸಿಕೊಂಡದ್ದೇ ಮಾದರಿಯಾಗಿ, ಮಿಕ್ಕವರೂ ಅನುಸರಿಸಿದರು. ಅಲ್ಲಿಂದಾಚೆ ಪುರುಷವೇಷ ರಂಗದಿಂದಿಳಿದ ಮೇಲೂ ಕಳಚದ ಗುರುತಾಯಿತು. 1933ರಲ್ಲಿ ತಾರಾ ತಂಡ ಹುಟ್ಟಿತು. 1934ರ ಜನವರಿಯಲ್ಲಿ ತೋಕಿಯೊ ತಕರಜುಕ ರಂಗಮಂದಿರ ಬಾಗಿಲು ತೆರೆಯಿತು. ಆ ಮಂದಿರಕ್ಕಾಗಿ 1932ರಲ್ಲಿ ಕೊಬಯಾಶಿ ಸ್ಥಾಪಿಸಿದ ಕಂಪನಿಯೇ ಮುಂದೆ ‘ಗಾಡ್ಜಿಲ್ಲ’ ಚಿತ್ರ ತೆಗೆದ ತೊಹೊ. ತೋಕಿಯೊ, ತಕರಜುಕ ಎರಡರ ಮೊದಲ ಲಿಪಿಗಳನ್ನು ಕೂಡಿಸಿದರೆ ಆ ಹೆಸರಾಗುತ್ತದೆ.

ಯುದ್ಧಕಾಲ ಮತ್ತು ಅನಂತರ

1938–39ರಲ್ಲಿ ತಂಡ ಜರ್ಮನಿ, ಪೋಲೆಂಡ್, ಇಟಲಿಗಳಲ್ಲಿ, 1939ರಲ್ಲಿ ಅಮೆರಿಕದಲ್ಲಿ ಪ್ರವಾಸ ಮಾಡಿತು. ಸಂಸ್ಥೆಯ ಹೆಸರಿನಲ್ಲಿ ಅದುವರೆಗೆ ಇದ್ದ ‘ಬಾಲಕಿಯರ’ ಎಂಬ ಪದವನ್ನು 1940ರಲ್ಲಿ ಕೈಬಿಡಲಾಯಿತು. 1944ರ ಮಾರ್ಚ್‌ನಲ್ಲಿ ಸರ್ಕಾರದ ಆದೇಶದ ಮೇರೆಗೆ ಮಂದಿರಗಳು ಮುಚ್ಚಿದವು. ಮಹಾರಂಗಮಂದಿರವನ್ನು ನೌಕಾಪಡೆ ವಶಪಡಿಸಿಕೊಂಡಿತು. ತೋಕಿಯೊ ಮಂದಿರದಲ್ಲಿ, ಗಾಳಿಯಲ್ಲಿ ತೇಲಿ ಅಮೆರಿಕ ತಲುಪಬೇಕಾಗಿದ್ದ ಬಲೂನು ಬಾಂಬುಗಳ ತಯಾರಿಕೆ ನಡೆಯಿತು. ಯುದ್ಧಾನಂತರ ಅಮೆರಿಕದ ಸೇನೆ ಅದೇ ಕಟ್ಟಡವನ್ನು ತನ್ನ ಸೈನಿಕರ ಮನರಂಜನೆಗೆಂದು ವಶಕ್ಕೆ ತೆಗೆದುಕೊಂಡು, ಎರ್ನಿ ಪೈಲ್ ಮಂದಿರವೆಂದು ಹೆಸರಿಟ್ಟು, 1955ರವರೆಗೆ ಇರಿಸಿಕೊಂಡಿತು. ತಕರಜುಕದಲ್ಲಿ ಮಾತ್ರ 1946ರಲ್ಲೇ ಆಟ ಮತ್ತೆ ಆರಂಭವಾಗಿತ್ತು.

ಗಂಡಸರನ್ನು ಸೇರಿಸುವ ಪ್ರಯತ್ನವೂ ಆಗದಿರಲಿಲ್ಲ. 1945ರ ಡಿಸೆಂಬರ್‌ನಲ್ಲಿ ಪುರುಷ ವಿಭಾಗ ತೆರೆಯಿತು. 1954ರಲ್ಲಿ ಅದು ಮುಚ್ಚುವವರೆಗೆ ಒಟ್ಟು 25 ಮಂದಿ ಯುವಕರು ತರಬೇತಿ ಪಡೆದರು. ಪ್ರೇಕ್ಷಕರ ಮತ್ತು ಸಂಸ್ಥೆಯೊಳಗಿನ ವಿರೋಧದಿಂದಾಗಿ ಅವರ ಪಾಲಿಗೆ ಬಂದದ್ದು ಹೆಚ್ಚಾಗಿ ತೆರೆಮರೆಯ ಗಾಯನ ಮತ್ತು ಚಿಕ್ಕ ಮಂದಿರಗಳ ಸಣ್ಣಪುಟ್ಟ ಪಾತ್ರಗಳು. ಈ ವಿಫಲ ಪ್ರಯೋಗವೇ ‘ತಕರಜುಕ ಬಾಯ್ಸ್’ ಎಂಬ ನಾಟಕದ ವಸ್ತುವಾಗಿ 2007ರಲ್ಲಿ ಬೇರೆಡೆ ರಂಗಕ್ಕೆ ಬಂತು.

1950 ಮತ್ತು 60ರ ದಶಕಗಳಲ್ಲಿ ಚಲನಚಿತ್ರ, ದೂರದರ್ಶನಗಳ ಪೈಪೋಟಿ ಹೆಚ್ಚಿತು. 1967ರ ‘ಒಕ್ಲಹೋಮ’ದಿಂದ ಬ್ರಾಡ್‌ವೇ ನಾಟಕಗಳು ಸೇರಿಕೊಂಡರೂ ಖಾಲಿ ಆಸನಗಳು ತುಂಬಲಿಲ್ಲ. ತಿರುವು ಬಂದದ್ದು 1974ರ ಆಗಸ್ಟಿನಲ್ಲಿ, ಚಂದ್ರ ತಂಡ ಆಡಿದ ‘ವೆರ್ಸಾಯಿಯ ಗುಲಾಬಿ’ಯಿಂದ. ಇಕೆದ ರಿಯೊಕೊ ಬರೆದ ಅದೇ ಹೆಸರಿನ ಕಾಮಿಕ್ಸ್ ಕಥೆ ಹುಡುಗಿಯರ ನಡುವೆ ಮನೆಮಾತಾಗಿತ್ತು. ಫ್ರೆಂಚ್ ಕ್ರಾಂತಿಯ ಹಿನ್ನೆಲೆಯ ಈ ಕಥೆಯ ಕೇಂದ್ರಪಾತ್ರ ಒಸ್ಕಾರ್, ಗಂಡುಮಗನಂತೆ ಬೆಳೆದು ಅರಮನೆಯ ಕಾವಲುಪಡೆಯ ಅಧಿಕಾರಿಯಾದ ಹೆಣ್ಣು. ಗಂಡಿನ ಪಾತ್ರಗಳಲ್ಲಿ ಪಳಗಿದ ನಟಿ ಗಂಡಾಗಿ ಬಾಳುವ ಹೆಣ್ಣನ್ನು ಅಭಿನಯಿಸುವುದು ಈ ರಂಗಕ್ಕೆ ಹೇಳಿಮಾಡಿಸಿದಂತಿತ್ತು. ಕಾಮಿಕ್ಸಿನ ಕಣ್ಣುಗಳ ಮಿಂಚು ರಂಗದಲ್ಲೂ ಕಾಣಬೇಕೆಂದು ನಿರ್ದೇಶಕ, ಹಿರಿಯ ಚಿತ್ರನಟ ಹಸೆಗಾವ ಕಜುಒ, ನಟಿಯರಿಗೆ ದೃಷ್ಟಿ ನೆಡುವ ಬಗೆಯನ್ನು ಸೂಕ್ಷ್ಮವಾಗಿ ಕಲಿಸಿದ. 2014ರ ಹೊತ್ತಿಗೆ ಈ ಕೃತಿಯ ವಿವಿಧ ಆವೃತ್ತಿಗಳನ್ನು ನೋಡಿದವರ ಸಂಖ್ಯೆ 50 ಲಕ್ಷ ದಾಟಿತ್ತು.

ಈಗಿನ ಮಹಾರಂಗಮಂದಿರ 1993ರಲ್ಲಿ ಕಟ್ಟಿದ್ದು, 2,550 ಆಸನಗಳಿವೆ. 1995ರ ಜನವರಿ 17ರ ಹಾನ್‌ಶಿನ್ ಭೂಕಂಪದಲ್ಲಿ ಅದು ಹಾನಿಗೊಂಡು, ಮಾರ್ಚ್ ಕೊನೆಯಲ್ಲಿ ಮತ್ತೆ ತೆರೆಯಿತು. ಹೊಸ ತೋಕಿಯೊ ಮಂದಿರ 2001ರದು.

ಸಂಗೀತ ಶಾಲೆ

ತಕರಜುಕ ಸಂಗೀತ ಶಾಲೆಯಲ್ಲಿ ಓದದವರಿಗೆ ಈ ರಂಗದಲ್ಲಿ ಪ್ರವೇಶವಿಲ್ಲ. ವರ್ಷಕ್ಕೆ ಸುಮಾರು 40 ಮಂದಿ ಆಯ್ಕೆಯಾಗುತ್ತಾರೆ. ವಯಸ್ಸು 15ರಿಂದ 18. ಎರಡು ವರ್ಷಗಳ ಅವಧಿಯಲ್ಲಿ ಬ್ಯಾಲೆ, ಆಧುನಿಕ ನೃತ್ಯ, ಟ್ಯಾಪ್, ಜಪಾನಿ ಸಾಂಪ್ರದಾಯಿಕ ನೃತ್ಯ, ಗಾಯನ, ಪಿಯಾನೊ, ಶಾಮಿಸೆನ್ ವಾದ್ಯ, ಅಭಿನಯ ಮತ್ತು ಚಹಾ ವಿಧಿಯನ್ನು ಕಲಿಯಬೇಕು. ಮೈಕಟ್ಟು, ಎತ್ತರ ಮತ್ತು ಇಚ್ಛೆಗಳನ್ನು ನೋಡಿ ಪುರುಷವೇಷವೋ ಕನ್ಯಾವೇಷವೋ ಎಂಬುದು ಶಾಲೆಯಲ್ಲೇ ತೀರ್ಮಾನವಾಗುತ್ತದೆ. ಶುದ್ಧವಾಗಿ, ನೇರವಾಗಿ, ಸುಂದರವಾಗಿ ಬಾಳಬೇಕು ಎಂಬರ್ಥದ ಮೂರು ಪದಗಳು ಶಾಲೆಯ ಧ್ಯೇಯವಾಕ್ಯ.

ಶಿಸ್ತಿಗೆ ಶಾಲೆ ಹೆಸರಾದುದು, ಕುಖ್ಯಾತವಾದುದು ಕೂಡ. ಮೊದಲ ವರ್ಷದವರು ತರಗತಿಗಳನ್ನು ಮೂಲೆಮೂಲೆಯೂ ಉಜ್ಜಿ ಸ್ವಚ್ಛಗೊಳಿಸಬೇಕು. ಹಿರಿಯರೆದುರು ನಿಗದಿತ ಮಾತು, ನಿಗದಿತ ಮುಖಭಾವ ಇರಬೇಕಿತ್ತು. ದೂರದಲ್ಲಿ ಸಾಗುವ ಹಾನ್‌ಕ್ಯೂ ರೈಲಿಗೂ ಅವರು ನಿಂತು ತಲೆಬಾಗುತ್ತಿದ್ದರು, ಒಳಗೆ ಯಾರಾದರೂ ಹಿರಿಯ ವಿದ್ಯಾರ್ಥಿನಿ ಇರಬಹುದೆಂದು. ಇಂಥ ಕೆಲವು ರೂಢಿಗಳನ್ನು ಕೈಬಿಟ್ಟಿರುವುದಾಗಿ 2020ರಲ್ಲಿ ವರದಿಯಾಯಿತು.

ತೇರ್ಗಡೆಯಾದ ಇಡೀ ತರಗತಿ ಒಂದೇ ಸಾಲಿನಲ್ಲಿ ಕಾಲೆತ್ತಿ ಕುಣಿಯುವ ನೃತ್ಯದೊಂದಿಗೆ ರಂಗಪ್ರವೇಶ ಮಾಡುತ್ತದೆ. ಬಳಿಕ ಒಬ್ಬೊಬ್ಬರನ್ನೂ ಒಂದೊಂದು ತಂಡಕ್ಕೆ ಹಂಚುತ್ತಾರೆ. ಜ್ಯೇಷ್ಠತೆಯನ್ನು ‘ಕೆನ್’ ಎಂಬ ವರ್ಷಸಂಖ್ಯೆಯಲ್ಲಿ ಎಣಿಸುತ್ತಾರೆ. ನಟಿಯರ ವಯಸ್ಸನ್ನು ಮಾತ್ರ ಬಹಿರಂಗಪಡಿಸುವುದಿಲ್ಲ. ರಂಗದ ಕನಸನ್ನು ಕೆಡಿಸುವ ಇಂಥ ಖಾಸಗಿ ಸಂಗತಿಗಳನ್ನು ಆಡದಿರುವ ಅಲಿಖಿತ ಕಟ್ಟಳೆಗೆ ‘ನೇರಳೆ ಸಂಹಿತೆ’ ಎಂದು ಹೆಸರು.

ತಂಡಗಳು ಮತ್ತು ತಾರಾ ಪದ್ಧತಿ

ಈಗಿರುವ ತಂಡಗಳು ಐದು: ಪುಷ್ಪ (ಹಾನ), ಚಂದ್ರ (ತ್ಸುಕಿ), ಹಿಮ (ಯುಕಿ), ತಾರಾ (ಹೊಶಿ) ಮತ್ತು 1998ರಲ್ಲಿ ಸೇರಿದ ವ್ಯೋಮ (ಸೊರ). ಒಂದೊಂದರಲ್ಲಿ 70–80 ಮಂದಿ. ಯಾವ ತಂಡಕ್ಕೂ ಸೇರದೆ ಅಗತ್ಯವಿದ್ದಲ್ಲಿ ಹಿರಿಯ ಪಾತ್ರ ವಹಿಸುವ ಅನುಭವಿಗಳ ವಿಭಾಗ ‘ಸೆಂಕ’. ತಂಡವೊಂದು ತಕರಜುಕದಲ್ಲಿ ತಿಂಗಳಿಗೂ ಮೀರಿ ಆಡಿ ಅದೇ ಕೃತಿಯೊಂದಿಗೆ ತೋಕಿಯೊಗೆ ಹೋದಾಗ ಮತ್ತೊಂದು ತಂಡ ತಕರಜುಕದ ರಂಗವೇರುತ್ತದೆ. ಈ ಸರದಿಯಿಂದಾಗಿ ಎರಡೂ ಮಂದಿರಗಳು ವರ್ಷವಿಡೀ ನಡೆಯುತ್ತವೆ.

ಪ್ರತಿ ತಂಡದ ಶಿಖರದಲ್ಲಿ ಒಬ್ಬಳು ‘ಟಾಪ್ ಸ್ಟಾರ್’. ಆಕೆ ಯಾವಾಗಲೂ ಪುರುಷವೇಷದವಳೇ. ಪಕ್ಕದಲ್ಲಿ ಅಗ್ರ ಕನ್ಯಾವೇಷದವಳು. ಕೆಳಗೆ ಎರಡನೆಯವಳು, ಮೂರನೆಯವಳು. ತಂಡದ ನಾಟಕಗಳೆಲ್ಲವನ್ನೂ ಈ ಶ್ರೇಣಿಗೆ ಹೊಂದುವಂತೆ ಬರೆಯಲಾಗುತ್ತದೆ. ಕೃತಿಗೆ ತಕ್ಕ ನಟಿಯನ್ನು ಹುಡುಕುವ ಬದಲು ನಟಿಗೆ ತಕ್ಕ ಕೃತಿಯನ್ನು ಹುಡುಕುವುದು ಇಲ್ಲಿನ ಕ್ರಮ. ವಿಯೆನ್ನಾದ ಸಂಗೀತನಾಟಕ ‘ಎಲಿಜಬೆತ್’ ಇದಕ್ಕೆ ಸ್ಪಷ್ಟ ಉದಾಹರಣೆ. ಮೂಲದಲ್ಲಿ ಕಥೆ ಆಸ್ಟ್ರಿಯದ ಸಾಮ್ರಾಜ್ಞಿಯದು. 1996ರಲ್ಲಿ ಕೊಯಿಕೆ ಶುಯಿಚಿರೊ ಹಿಮ ತಂಡಕ್ಕಾಗಿ ರೂಪಾಂತರಿಸಿದಾಗ ಸಾಮ್ರಾಜ್ಞಿ ಎರಡನೆಯ ಸ್ಥಾನಕ್ಕೆ ಸರಿದು, ಆಕೆಯನ್ನು ಪ್ರೇಮಿಸುವ ಮೃತ್ಯುವೇ ನಾಯಕನಾದ. ಪುರುಷವೇಷದ ತಾರೆಗೆ ದಕ್ಕಬಲ್ಲ ದೊಡ್ಡ ಪಾತ್ರ ಅದಾಗಿತ್ತು. ಸಂಸ್ಥೆ ಅತಿ ಹೆಚ್ಚು ಬಾರಿ ಮರಳಿ ಆಡಿರುವ ಕೃತಿಗಳಲ್ಲಿ ಇದೂ ಒಂದು.

ಪ್ರತಿ ಕೃತಿಯ ಅವಧಿಯಲ್ಲೂ ಎಳೆಯರೇ ಎಲ್ಲ ಪಾತ್ರಗಳನ್ನು ವಹಿಸುವ ‘ಹೊಸಬರ ಪ್ರದರ್ಶನ’ ಪ್ರತಿ ಮಂದಿರದಲ್ಲಿ ಒಂದು ಬಾರಿ ನಡೆಯುತ್ತದೆ. ಮುಂದಿನ ತಾರೆಗಳು ಮೊದಲು ಕಣ್ಣಿಗೆ ಬೀಳುವುದು ಇಲ್ಲಿ. ತಾರೆಯ ಆಳ್ವಿಕೆ ಸಾಮಾನ್ಯವಾಗಿ ಕೆಲವೇ ವರ್ಷಗಳದು. ವಿವಾಹವಾದರೆ ಸಂಸ್ಥೆ ಬಿಡಬೇಕು. ಬಿಡುವುದನ್ನು ನಿವೃತ್ತಿ ಎನ್ನದೆ ‘ಪದವಿ ಪಡೆಯುವುದು’ ಎನ್ನುವ ರೂಢಿಯಿದೆ. ಕೊನೆಯ ದಿನ ಆಕೆ ‘ಹಕಾಮ’ ಎಂಬ ಸಾಂಪ್ರದಾಯಿಕ ಉಡುಪನ್ನು ಹಸಿರು ಬಣ್ಣದಲ್ಲಿ ತೊಟ್ಟು ಮೆಟ್ಟಿಲಿಳಿದು ವಿದಾಯ ಹೇಳುತ್ತಾಳೆ.

ಪುರುಷವೇಷದ ಕಲೆ

ಪುರುಷವೇಷ ಒಲಿಯಲು ಹತ್ತು ವರ್ಷ ಬೇಕು ಎಂಬ ಮಾತು ತಕರಜುಕದಲ್ಲಿ ಬಳಕೆಯಲ್ಲಿದೆ. ದನಿಯನ್ನು ಎದೆಯಾಳಕ್ಕೆ ಇಳಿಸಬೇಕು. ಸೊಂಟದ ಬಾಗು ಕಾಣದಂತೆ ಉಡುಪಿನೊಳಗೆ ಮೆತ್ತೆಗಳನ್ನಿಟ್ಟು ಮೈರೇಖೆಯನ್ನು ನೇರಗೊಳಿಸುತ್ತಾರೆ. ಕಾಲು ನೀಳವಾಗಿ ಕಾಣಲು ಬೂಟಿನ ಹಿಮ್ಮಡಿ ಎತ್ತರವಾಗಿರುತ್ತದೆ. ಕೂದಲು ಹಿಂದಕ್ಕೆ ಬಾಚಿ ಅಂಟಿಸಿರುತ್ತದೆ. ಕೋಟಿನ ಅಂಚನ್ನು ಹಿಡಿಯುವ, ಟೋಪಿಯನ್ನು ಓರೆಗೊಳಿಸುವ, ಮಂಡಿ ಅಗಲಿಸಿ ಕೂರುವ, ಸಂಗಾತಿಯ ಸೊಂಟ ಬಳಸುವ ಬಗೆಗಳೆಲ್ಲ ಹಿರಿಯರಿಂದ ಕಿರಿಯರಿಗೆ ಹಸ್ತಾಂತರವಾಗುತ್ತವೆ. ಅನೇಕರು ಹಾಲಿವುಡ್ ನಾಯಕರ ಚಿತ್ರಗಳನ್ನು ನೋಡಿಯೂ ಕಲಿಯುತ್ತಾರೆ. ಗುರಿ ಗಂಡಸಿನ ಅನುಕರಣೆಯಲ್ಲ. ಬೀದಿಯಲ್ಲಿ ಕಾಣಸಿಗದ, ಒರಟುತನವಿಲ್ಲದ ಒಬ್ಬ ಕಲ್ಪಿತ ಗಂಡಿನ ನಿರ್ಮಾಣ.

ಕನ್ಯಾವೇಷದವಳ ಕೆಲಸ ಆ ಕಲ್ಪನೆಗೆ ಒತ್ತಾಸೆ ಕೊಡುವುದು. ಸಂಗಾತಿ ಎತ್ತರವಾಗಿ ಕಾಣಲೆಂದು ಆಕೆ ಉದ್ದ ನಿಲುವಂಗಿಯೊಳಗೆ ಮಂಡಿ ಬಾಗಿಸಿ ನಿಲ್ಲುವುದುಂಟು. ದನಿ ತೆಳು ಮತ್ತು ಎತ್ತರ. ಮುಡಿಯ ಆಭರಣಗಳನ್ನು ಬಹುಪಾಲು ತಾವೇ ಕೈಯಾರೆ ತಯಾರಿಸಿಕೊಳ್ಳುತ್ತಾರೆ. ಈ ಅಸಮಾನ ಶ್ರಮವಿಭಜನೆಯೂ, ಹೆಣ್ಣಿಗೆ ಗಂಡಿನ ಸ್ವಾತಂತ್ರ್ಯ ಕೊಡುವ ರಂಗವೇ ಮದುವೆಯ ಹಳೆಯ ಕಟ್ಟಳೆಗೆ ಆಕೆಯನ್ನು ಕಟ್ಟಿಹಾಕುವುದೂ ಲಿಂಗ ಅಧ್ಯಯನಕಾರರ ಚರ್ಚೆಗೆ ಆಹಾರವಾಗಿವೆ.

ಪ್ರದರ್ಶನದ ರಚನೆ

ಸಾಮಾನ್ಯ ಪ್ರದರ್ಶನ ಮೂರು ಗಂಟೆಗಳದು. ಮೊದಲು ಸುಮಾರು 95 ನಿಮಿಷಗಳ ಸಂಗೀತನಾಟಕ. ಬಿಡುವಿನ ಬಳಿಕ ಸುಮಾರು 55 ನಿಮಿಷಗಳ ರೆವ್ಯೂ. ಎರಡಂಕಗಳ ಉದ್ದ ನಾಟಕ ಒಂದನ್ನೇ ಆಡುವುದೂ ಉಂಟು. ಆಗಲೂ ಕೊನೆಗೆ ಕಿರಿದಾದ ರೆವ್ಯೂ ಇರಲೇಬೇಕು. ಹಿಂದಿನ ದೃಶ್ಯದಲ್ಲಿ ಗಿಲೊಟಿನ್‌ಗೆ ತಲೆಯೊಡ್ಡಿದ ರಾಣಿ ಐದು ನಿಮಿಷದಲ್ಲಿ ಗರಿ ತೊಟ್ಟು ನಗುತ್ತ ಬರುವುದು ಇಲ್ಲಿ ಅಭಾಸವೆನಿಸುವುದಿಲ್ಲ.

ಸಂಗೀತ ವಾದ್ಯವೃಂದದಿಂದ ನೇರವಾಗಿ ಮೂಡಿಬರುತ್ತದೆ. ವಾದ್ಯವೃಂದದ ಗುಂಡಿ ಮತ್ತು ಪ್ರೇಕ್ಷಕರ ನಡುವೆ ಹಾಯುವ ಕಿರುದಾರಿಗೆ ‘ಬೆಳ್ಳಿ ಸೇತುವೆ’ ಎಂದು ಹೆಸರು. ಅದರ ಮೇಲೆ ಒಬ್ಬಂಟಿಯಾಗಿ ಹಾಡುತ್ತ ದಾಟುವ ಅವಕಾಶ ನಟಿಯ ಏಳಿಗೆಯ ಗುರುತು.

ಅಂತಿಮ ಭಾಗದ ಅಂಗಗಳು ಸ್ಥಿರವಾಗಿವೆ. ಕಿರಿಯರ ಕಾಲೆತ್ತುವ ಸಾಲುನೃತ್ಯ ‘ರಾಕೆಟ್’, ಕಪ್ಪು ಕೋಟಿನ ಪುರುಷವೇಷದವರ ಸಮೂಹನೃತ್ಯ, ಅಗ್ರ ಜೋಡಿಯ ಯುಗಳನೃತ್ಯ, ಆಮೇಲೆ ಮೆರವಣಿಗೆ. ರಂಗದಗಲಕ್ಕೂ ಚಾಚುವ ಮಹಾಮೆಟ್ಟಿಲಿಗೆ 26 ಪಾವಟಿಗೆಗಳು. ಒಂದೊಂದರ ಅಗಲ 23 ಸೆಂಟಿಮೀಟರ್ ಮಾತ್ರ, ಎಂದರೆ ಬೂಟಿನ ಉದ್ದಕ್ಕಿಂತ ಹೆಚ್ಚೇನಿಲ್ಲ. ಕೆಳಗೆ ನೋಡದೆ, ನಗು ಮಾಸದೆ ಇಳಿಯಬೇಕು. ಮೊದಲು ‘ಎತ್ವಾಲ್’ ಎಂಬ ಗಾಯಕಿ, ಕೊನೆಗೆ ಟಾಪ್ ಸ್ಟಾರ್. ಕೆಳಗಿನ ಶ್ರೇಣಿಯಿಂದ ಮೇಲಿನದಕ್ಕೆ ಸಾಗುವ ಈ ಕ್ರಮವನ್ನು ನೋಡಿದರೆ ತಂಡದಲ್ಲಿ ಯಾರ ಸ್ಥಾನ ಎಲ್ಲಿ ಎಂಬುದು ತಿಳಿಯುತ್ತದೆ. ಸ್ಥಾನ ಏರಿದಂತೆ ಬೆನ್ನಿಗೆ ಕಟ್ಟುವ ಗರಿಗಳ ಭಾರವೂ ಏರುತ್ತದೆ. ಎಲ್ಲರ ಕೈಯಲ್ಲೂ ರಿಬ್ಬನ್ ಕಟ್ಟಿದ ‘ಶಾನ್‌ಶಾನ್’ ಎಂಬ ಅಲಂಕೃತ ಪರಿಕರವಿರುತ್ತದೆ.

ಕೃತಿಗಳ ಬಗೆಗಳು

ಜಪಾನಿ ಇತಿಹಾಸ ಮತ್ತು ಪುರಾಣಗಳ ನಾಟಕಗಳು ಒಂದು ಬಗೆ. ‘ಗೆಂಜಿಯ ಕಥೆ’ ಹಲವು ಬಾರಿ ರಂಗಕ್ಕೆ ಬಂದಿದೆ. ಪಾಶ್ಚಾತ್ಯ ಸಾಹಿತ್ಯ, ಸಿನಿಮಾಗಳ ರೂಪಾಂತರಗಳು ಮತ್ತೊಂದು: ‘ಗಾನ್ ವಿತ್ ದ ವಿಂಡ್’ (1977), ‘ದ ಗ್ರೇಟ್ ಗ್ಯಾಟ್ಸ್‌ಬಿ’ (1991), ‘ಓಶನ್ಸ್ ಇಲೆವೆನ್’ (2011). ಕಾಮಿಕ್ಸ್ ಮತ್ತು ವಿಡಿಯೊ ಆಟಗಳಿಂದ ಬಂದವುಗಳಲ್ಲಿ ‘ಗ್ಯಾಕುತೆನ್ ಸಾಯಿಬಾನ್’ (2009), ‘ಲುಪಾನ್ ಸಾನ್ಸೆಯಿ’ (2015), ‘ರುರೌನಿ ಕೆನ್‌ಶಿನ್’ (2016) ಮತ್ತು ಹಗಿಯೊ ಮೊತೊ ಅವರ ರಕ್ತಪಿಶಾಚಿಗಳ ಕಥೆ ‘ಪೊ ಕುಲ’ (2018) ಮುಖ್ಯ. ಸಂಸ್ಥೆಯ ನಿರ್ದೇಶಕರೇ ಬರೆದ ಸ್ವತಂತ್ರ ಕೃತಿಗಳೂ ಹೇರಳ. 1978ರಲ್ಲಿ ತೆರೆದ, ಸುಮಾರು 500 ಆಸನಗಳ ‘ಬೌ’ ಸಭಾಂಗಣ ಪ್ರಾಯೋಗಿಕ ಕೃತಿಗಳಿಗೆ ಮೀಸಲು.

ಭಾರತೀಯ ಸಿನಿಮಾ ಈ ಪಟ್ಟಿಗೆ ತಡವಾಗಿ ಸೇರಿತು. ತಾರಾ ತಂಡ 2017ರಲ್ಲಿ ಹಿಂದಿಯ ‘ಓಂ ಶಾಂತಿ ಓಂ’ ಅನ್ನು, 2024ರ ಜನವರಿಯಲ್ಲಿ ‘ಆರ್‌ಆರ್‌ಆರ್’ ತೆಲುಗು ಚಿತ್ರವನ್ನು ರಂಗಕ್ಕೇರಿಸಿತು. ರಾಯಚೂರು ಜಿಲ್ಲೆಯಲ್ಲಿ ಹುಟ್ಟಿದ ಎಸ್.ಎಸ್. ರಾಜಮೌಳಿ ನಿರ್ದೇಶನದ ಈ ಚಿತ್ರ 2022ರಲ್ಲಿ ಜಪಾನಿನಲ್ಲಿ ಬಿಡುಗಡೆಯಾಗಿ, ಅಲ್ಲಿ ಅತಿ ಹೆಚ್ಚು ಗಳಿಸಿದ ಭಾರತೀಯ ಚಿತ್ರವಾಗಿತ್ತು. ತಾನಿ ತಕಾಯ ಅವರ ರಂಗರೂಪ ಕಥೆಯನ್ನು ಚಿತ್ರದ ಇಬ್ಬರು ನಾಯಕರಲ್ಲಿ ಒಬ್ಬನಾದ ಭೀಮನ ಕಣ್ಣಿನಿಂದ ಹೇಳುತ್ತದೆ. ಆಗಿನ ಟಾಪ್ ಸ್ಟಾರ್ ರೇಯಿ ಮಕೊತೊ ಭೀಮನಾಗಿ, ಚಿತ್ರದ ‘ನಾಟು ನಾಟು’ ಹಾಡಿನ ಕುಣಿತವನ್ನೂ ಕುಣಿದರು. ರಾಜಮೌಳಿ 2024ರ ಮಾರ್ಚ್‌ನಲ್ಲಿ ತೋಕಿಯೊದಲ್ಲಿ ಇದನ್ನು ನೋಡಿದರು.

ಪ್ರೇಕ್ಷಕರು

ಪ್ರೇಕ್ಷಕರಲ್ಲಿ ಬಹುಸಂಖ್ಯಾತರು ಸ್ತ್ರೀಯರು; ಅಜ್ಜಿ, ತಾಯಿ, ಮಗಳು ಒಟ್ಟಿಗೆ ಬರುವುದು ಸಾಮಾನ್ಯ. ತಾರೆಯೊಬ್ಬಳ ಅಭಿಮಾನಿಗಳ ಕೂಟಗಳು ಅಧಿಕೃತವಲ್ಲದಿದ್ದರೂ ಕಟ್ಟುನಿಟ್ಟಿನವು. ಸದಸ್ಯೆಯರು ರಂಗಮಂದಿರದ ಬಾಗಿಲ ಬಳಿ ಸಾಲಾಗಿ ಕುಳಿತು ತಾರೆ ಬರುವಾಗಲೂ ಹೋಗುವಾಗಲೂ ಪತ್ರಗಳನ್ನು ಕೊಡುತ್ತಾರೆ. ಕೂಗಾಟವಿಲ್ಲ, ನೂಕುನುಗ್ಗಲಿಲ್ಲ. ನಿಲ್ದಾಣದಿಂದ ಮಂದಿರದವರೆಗಿನ ‘ಹೂವಿನ ಹಾದಿ’ ಅವರ ಯಾತ್ರೆಯ ದಾರಿ. 1918ರಲ್ಲಿ ಆರಂಭವಾದ ‘ಕಗೆಕಿ’, 1936ರ ‘ತಕರಜುಕ ಗ್ರಾಫ್’ ಪತ್ರಿಕೆಗಳು ಮತ್ತು 2002ರಿಂದ ಪ್ರಸಾರವಾಗುತ್ತಿರುವ ‘ಸ್ಕೈ ಸ್ಟೇಜ್’ ವಾಹಿನಿ ಅವರನ್ನು ಸಂಸ್ಥೆಯೊಂದಿಗೆ ಬೆಸೆದಿವೆ.

ಪ್ರಭಾವ

ಒಸಾಕ ಮತ್ತು ತೋಕಿಯೊಗಳಲ್ಲಿ ಶೊಚಿಕು ಕಂಪನಿ 1920ರ ದಶಕದಲ್ಲಿ ಇದೇ ಮಾದರಿಯ ಸ್ತ್ರೀ ತಂಡಗಳನ್ನು ಕಟ್ಟಿತು. ಒಸಾಕದ್ದು ಇಂದಿಗೂ ಉಳಿದಿದೆ. ಜಪಾನಿ ಕಾಮಿಕ್ಸಿನ ಪಿತಾಮಹನೆನಿಸಿದ ತೆಜುಕ ಒಸಾಮು ಬೆಳೆದದ್ದು ತಕರಜುಕದಲ್ಲಿ, ತಾಯಿಯ ಜೊತೆ ಈ ಆಟಗಳನ್ನು ನೋಡುತ್ತ. ಗಂಡುವೇಷದ ರಾಜಕುಮಾರಿಯ ಕಥೆಯಾದ ಅವನ ‘ರಿಬನ್ ನೊ ಕಿಶಿ’ (1953) ಆ ಅನುಭವದ ನೇರ ಫಲ. ಅಲ್ಲಿಂದ ಹುಡುಗಿಯರ ಕಾಮಿಕ್ಸಿಗೆ ಹೋದ ಧಾಟಿ ‘ವೆರ್ಸಾಯಿಯ ಗುಲಾಬಿ’ಯಾಗಿ ತಕರಜುಕಕ್ಕೇ ಮರಳಿತು. ‘ಸಕುರ ತಾಯಿಸೆನ್’ (1996) ಎಂಬ ವಿಡಿಯೊ ಆಟದ ಪುಷ್ಪ ತಂಡ ತಕರಜುಕದ್ದೇ ಛಾಯೆ. ಕೊಶಿಜಿ ಫುಬುಕಿ, ಯಚಿಗುಸ ಕಾವೊರು, ದಾಯಿಚಿ ಮಾವೊ, ಕುರೊಕಿ ಹಿತೊಮಿ, ಅಮಾಮಿ ಯೂಕಿ ಮುಂತಾದ ಪ್ರಸಿದ್ಧ ಗಾಯಕಿಯರೂ ನಟಿಯರೂ ಇಲ್ಲಿಂದ ಬಂದವರು. ಅಮೆರಿಕದ ಜೇಮ್ಸ್ ಮಿಚೆನರ್ ಬರೆದ ‘ಸಯೊನಾರ’ ಕಾದಂಬರಿಯ (1954) ನಾಯಕಿ ಇಂಥದೇ ತಂಡದ ನರ್ತಕಿ.

ಇಂದಿನ ಸ್ಥಿತಿ

ಸಂಸ್ಥೆ 2014ರಲ್ಲಿ ಶತಮಾನೋತ್ಸವ ಆಚರಿಸಿತು. ಕೋವಿಡ್ ಕಾಲದಲ್ಲಿ ತಿಂಗಳುಗಟ್ಟಲೆ ನಿಂತ ಆಟ 2020ರ ಜುಲೈನಲ್ಲಿ ಮತ್ತೆ ಆರಂಭವಾಯಿತು. ಅದಕ್ಕಿಂತ ದೊಡ್ಡ ಆಘಾತ ಒಳಗಿನಿಂದ ಬಂತು. 2023ರ ಸೆಪ್ಟೆಂಬರ್ 30ರಂದು ವ್ಯೋಮ ತಂಡದ 25 ವರ್ಷದ ಕಲಾವಿದೆಯೊಬ್ಬರು ಸಾವನ್ನಪ್ಪಿದರು. ಅತಿಯಾದ ದುಡಿಮೆ ಮತ್ತು ಹಿರಿಯರ ಕಿರುಕುಳ ಇದಕ್ಕೆ ಕಾರಣವೆಂದು ಕುಟುಂಬ ಆರೋಪಿಸಿತು. ಕಿರುಕುಳವನ್ನು ಮೊದಲು ಒಪ್ಪದ ಸಂಸ್ಥೆ 2024ರ ಮಾರ್ಚ್‌ನಲ್ಲಿ ಅದನ್ನು ಒಪ್ಪಿಕೊಂಡು ಕುಟುಂಬದ ಕ್ಷಮೆ ಕೇಳಿತು. ವ್ಯೋಮ ತಂಡದ ಪ್ರದರ್ಶನಗಳು 2024ರ ಜೂನ್‌ವರೆಗೆ ನಿಂತಿದ್ದವು. ಶತಮಾನದಿಂದ ಶಿಸ್ತು ಎಂದು ಹೊಗಳಿಸಿಕೊಂಡ ಜ್ಯೇಷ್ಠತೆಯ ಪದ್ಧತಿ ಸಾರ್ವಜನಿಕ ವಿಚಾರಣೆಗೆ ಒಳಗಾಯಿತು.

ಇದರ ಬೆನ್ನಿಗೆ ವಾರದ ಪ್ರದರ್ಶನಗಳನ್ನು ಹತ್ತರಿಂದ ಒಂಬತ್ತಕ್ಕೆ ಇಳಿಸಲಾಯಿತು. ಅದುವರೆಗೆ ಹಾನ್‌ಕ್ಯೂ ರೈಲ್ವೆಯ ಒಂದು ವಿಭಾಗವಾಗಿದ್ದ ಸಂಸ್ಥೆಯನ್ನು 2025ರಲ್ಲಿ ಪ್ರತ್ಯೇಕ ಕಂಪನಿಯಾಗಿ ರೂಪಿಸಲಾಯಿತು. ಆರನೆಯ ವರ್ಷದಿಂದ ಬಿಡಿ ಗುತ್ತಿಗೆಯ ಮೇಲೆ ದುಡಿಯುತ್ತಿದ್ದ ಹಿರಿಯ ಕಲಾವಿದೆಯರನ್ನೂ ನೌಕರರೆಂದು ಪರಿಗಣಿಸುವ ಬದಲಾವಣೆ ಜೊತೆಗೇ ಬಂತು. ಎಲ್ಲರೂ ಅವಿವಾಹಿತರಾಗಿರಬೇಕೆಂಬ ನಿಯಮ ಹಾಗೆಯೇ ಇದೆ.